ಲಿಂಬೆ ಕಜ್ಜಿಯ ದುಂಡಾಣು: ಎಲೆಯಿಂದ ತಟ್ಟೆಗೆ, ತಟ್ಟೆಯಿಂದ ಮತ್ತೆ ಎಲೆಗೆ

ಸಸ್ಯರೋಗ ಶಾಸ್ತ್ರ ಓದುವ ಹುಡುಗ ಹುಡುಗಿಯರು ನಮ್ಮ ಪ್ರಯೋಗಾಲಯಕ್ಕೆ ಬಂದ ಕೂಡಲೇ ಕೇಳುವುದು, "ಪಿಸಿಆರ್ ಯಾವಾಗ ಕಲಿಸ್ತೀರಿ ಮೇಡಂ?" ಅಂತ. ರೋಗಾಣುವಿನ ಡಿಎನ್‌ಎ ತುಣುಕನ್ನು ಹೆಚ್ಚಿಸಿ ಗುರುತಿಸುವ ಆ ಪರೀಕ್ಷೆಯನ್ನೂ ಕಲಿಸೋಣ. ಅದಕ್ಕೂ ಮೊದಲು ತೋಟಕ್ಕೆ ಹೋಗಿ ಸರಿಯಾದ ಎಲೆ ತರಬೇಕು, ಆ ಎಲೆಯಿಂದ ದುಂಡಾಣುವನ್ನು ಶುದ್ಧವಾಗಿ ಬೇರ್ಪಡಿಸಬೇಕು, ಬೇರ್ಪಡಿಸಿದ್ದು ಮತ್ತೆ ಲಿಂಬೆ ಎಲೆಯಲ್ಲಿ ಕಜ್ಜಿ ತರಿಸುತ್ತದೆಂದು ಕಣ್ಣಾರೆ ನೋಡಬೇಕು. ಈ ಮೂರು ಕೆಲಸ ಕೈಗೆ ಬಂದರೆ ಉಳಿದದ್ದೆಲ್ಲ ಹಿಂದೆಯೇ ಬರುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಸುತ್ತಮುತ್ತಲಿನ ಕಾಗಜಿ ಲಿಂಬೆ ತೋಟಗಳನ್ನು ಇಟ್ಟುಕೊಂಡು ನಾನು ಈ ಕೆಲಸ ಕಲಿಸುತ್ತೇನೆ, ಇಲ್ಲಿ ಬರೆಯುವುದೂ ಆ ರೀತಿಯಲ್ಲೇ.

ರೋಗಾಣುವಿನ ಈಗಿನ ಹೆಸರು ಕ್ಸಾಂಥೊಮೊನಾಸ್ ಸಿಟ್ರಿ, ಉಪಪ್ರಭೇದವೂ ಸಿಟ್ರಿಯೇ. ಹಳೆಯ ಪ್ರಬಂಧಗಳಲ್ಲಿ ಇದನ್ನೇ ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಪೆಥೋವಾರ್ (ರೋಗ ತರುವ ಗಿಡದ ಮೇಲೆ ವಿಂಗಡಿಸಿದ ಗುಂಪು) ಸಿಟ್ರಿ, ಆಮೇಲೆ ಆಕ್ಸೊನೊಪೋಡಿಸ್ ಪೆಥೋವಾರ್ ಸಿಟ್ರಿ ಎಂದು ಬರೆದಿದ್ದಾರೆ. ಸಾಹಿತ್ಯ ಹುಡುಕುವಾಗ ಮೂರೂ ಹೆಸರು ಹಾಕಿ, ಇಲ್ಲವಾದರೆ ಅರ್ಧ ಕೆಲಸ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಅಮೆರಿಕದಲ್ಲಿ ಕ್ಲಾರಾ ಹ್ಯಾಸ್ ಎಂಬ ವಿಜ್ಞಾನಿ 1915ರಲ್ಲಿ ಈ ರೋಗಕ್ಕೆ ದುಂಡಾಣುವೇ ಕಾರಣ ಎಂದು ತೋರಿಸಿದರು. ಅಲ್ಲಿಯವರೆಗೆ ಇದನ್ನು ಶಿಲೀಂಧ್ರದ ಕೆಲಸವೆಂದು ತಿಳಿದವರೇ ಹೆಚ್ಚು. ಆದರೆ ರೋಗ ನಮ್ಮಲ್ಲಿ ಬಹಳ ಹಳೆಯದು. 1827ರಿಂದ 1831ರ ನಡುವೆ ಭಾರತದಲ್ಲಿ ಸಂಗ್ರಹಿಸಿ, ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಒಣಗಿಸಿ ಇಟ್ಟಿದ್ದ ಮಾದಳದ ಎಲೆಗಳ ಮೇಲೆ ಇದೇ ಕಜ್ಜಿ ಇರುವುದನ್ನು 1933ರಲ್ಲಿ ಫಾಸೆಟ್ ಮತ್ತು ಜೆಂಕಿನ್ಸ್ ಎಂಬ ವಿಜ್ಞಾನಿಗಳು ಗುರುತಿಸಿದರು. ಒಣ ಎಲೆಯನ್ನು ಚೆನ್ನಾಗಿ ಕಾಪಾಡಿದರೆ ನೂರು ವರ್ಷದ ನಂತರವೂ ಅದು ಸಾಕ್ಷಿ ಹೇಳುತ್ತದೆ. ನೀವು ತಂದ ಎಲೆಗಳಲ್ಲಿಯೂ ಒಂದೆರಡನ್ನು ಒತ್ತಿ ಒಣಗಿಸಿ ಇಡಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ತೋಟದಲ್ಲಿ

ಹೋಗುವ ಕಾಲ ಮುಖ್ಯ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹೋದರೆ ಸಿಗುವುದು ಹಳೆಯ, ಬೆಂಡಿನಂತೆ ಗಟ್ಟಿಯಾದ ಕಂದು ಗಾಯಗಳು. ಅವುಗಳಲ್ಲಿ ಜೀವಂತ ರೋಗಾಣು ಕಡಿಮೆ, ಗಾಯದ ಮೇಲೆ ಕೂತ ಇತರ ಸೂಕ್ಷ್ಮಜೀವಿಗಳು ಹೆಚ್ಚು. ಮುಂಗಾರು ಹಿಡಿದ ಮೇಲೆ ಬರುವ ಹೊಸ ಚಿಗುರಿನಲ್ಲಿ ಹುಡುಕಿ. ನಮ್ಮ ಕಡೆ ಸೆಪ್ಟೆಂಬರ್ ಮಳೆಯ ಹೊತ್ತಿಗೆ ಬೇಕಾದಷ್ಟು ಸಿಗುತ್ತದೆ. ಎಲೆ ಇಬ್ಬನಿಯಿಂದಲೋ ಮಳೆಯಿಂದಲೋ ತೊಯ್ದಿರುವಾಗ ಮಾತ್ರ ಸಾಲಿನೊಳಗೆ ಕಾಲಿಡಬೇಡಿ. ನೀರು ತಾಗಿದ ಗಾಯದಿಂದ ದುಂಡಾಣು ಹೊರಗೆ ಒಸರುತ್ತದೆ, ನಿಮ್ಮ ಅಂಗಿ ತೋಳಿಗೆ, ಕತ್ತರಿಗೆ ಅಂಟಿಕೊಂಡು ಪಕ್ಕದ ಗಿಡಕ್ಕೆ ಹೋಗುತ್ತದೆ. ಎಲೆ ಆರಿದ ಮೇಲೆ ಹೋಗಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನೂ ಕೈಯನ್ನೂ ಶೇ. 70ರ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ. ಸಸಿಮಡಿಯೂ ತೋಟವೂ ಒಂದೇ ಕಡೆ ಇದ್ದರೆ ಮೊದಲು ಸಸಿಮಡಿ ನೋಡಿ, ಆಮೇಲೆ ರೋಗದ ತೋಟ. ಈ ಕ್ರಮ ಎಂದೂ ತಿರುಗುಮುರುಗಾಗಬಾರದು.

ಬೇಕಾದ ಗಾಯ ಹೀಗಿರುತ್ತದೆ. ಎಲೆಯ ಎರಡೂ ಬದಿಯಲ್ಲಿ ಉಬ್ಬಿರುತ್ತದೆ, ಬೆರಳಾಡಿಸಿದರೆ ಒರಟು. ನಡುವೆ ತುಸು ಕುಸಿದಿರುತ್ತದೆ. ಸುತ್ತ ಎಣ್ಣೆ ತಾಗಿದಂಥ ನೀರುನೀರು ಅಂಚು, ಅದರಾಚೆ ಹಳದಿ ಉಂಗುರ. ಬೆಳಕಿಗೆ ಹಿಡಿದು ನೋಡಿ. ಆ ನೀರುನೀರಾದ ಅಂಚು ಸ್ಪಷ್ಟವಾಗಿದ್ದರೆ ರೋಗಾಣು ಈಗ ಅಲ್ಲಿ ದುಡಿಯುತ್ತಿದೆ ಎಂದು ಅರ್ಥ, ನಿಮಗೆ ಬೇಕಾದ್ದೂ ಅದೇ ಅಂಚು. ಹಳದಿ ಉಂಗುರ ಒಂದನ್ನೇ ನಂಬಿ ಎಲೆ ಕೀಳಬೇಡಿ, ಬೇರೆ ಚುಕ್ಕೆ ರೋಗಗಳಲ್ಲಿಯೂ ಅದು ಬರುತ್ತದೆ.

ಎಲೆಯ ಮೇಲೆ ಬೆಳ್ಳಿ ಗೆರೆ ಎಳೆದಂತೆ ರಂಗೋಲಿ ಹುಳುವಿನ ಸುರಂಗ ಇದ್ದು, ಸುರಂಗದ ಉದ್ದಕ್ಕೂ ಸಾಲಾಗಿ ಕಜ್ಜಿ ಎದ್ದಿರುವುದನ್ನು ಇಂಡಿ ಭಾಗದಲ್ಲಿ ಬಹಳ ನೋಡುತ್ತೀರಿ. ಈ ಹುಳು ರೋಗವನ್ನು ಹೊತ್ತು ತರುವುದಿಲ್ಲ. ಎಲೆಯ ಮೇಲಿನ ಪೊರೆಯನ್ನು ಅದು ಹರಿದು ಇಡುತ್ತದೆ, ಮಳೆ ಹನಿಯೊಂದಿಗೆ ಬಂದ ದುಂಡಾಣು ಅಲ್ಲಿಂದ ನೇರವಾಗಿ ಒಳಗೆ ಇಳಿಯುತ್ತದೆ. ಗಾಯವಿಲ್ಲದ ಎಲೆಯಲ್ಲಾದರೆ ಪತ್ರರಂಧ್ರದಿಂದಲೇ ನುಗ್ಗಬೇಕು, ಅದೂ ಎಲೆ ಎಳೆಯದಾಗಿದ್ದಾಗ ಮಾತ್ರ ಸುಲಭ. ಸಂಗ್ರಹಿಸುವಾಗ ಸುರಂಗವಿರುವ ಎಲೆಯನ್ನೂ ಇಲ್ಲದ್ದನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ. ಬೇರ್ಪಡಿಸಲು ಸುರಂಗವಿಲ್ಲದ ಎಲೆಯೇ ಉತ್ತಮ, ಅದರಲ್ಲಿ ಕಲಬೆರಕೆ ಕಡಿಮೆ.

ಎಲೆ ಕಿತ್ತ ಮೇಲೆ ಮಾಲೀಕರ ಹತ್ತಿರ ಕೂತು ಮಾತಾಡಿ. ಕೇಳಲೇಬೇಕಾದ ಪ್ರಶ್ನೆ, ಕೊನೆಯ ಸಲ ಏನು ಸಿಂಪಡಿಸಿದಿರಿ, ಯಾವಾಗ.

"ಏನ್ ಹೊಡದೀರಿ ಕಾಕಾ?"

"ಅಂಗಡ್ಯಾಗ ಕೊಟ್ಟದ್ದು ಹೊಡದೀನವಾ ತಂಗಿ. ಒಂದು ಹಸರ ಪುಡಿ, ಮತ್ತ ಒಂದು ಸಣ್ಣ ಪಾಕೀಟು."

ಹಸಿರು ಪುಡಿ ಕಾಪರ್ ಆಕ್ಸಿಕ್ಲೋರೈಡ್. ಸಣ್ಣ ಪಾಕೀಟು ಸ್ಟ್ರೆಪ್ಟೋಸೈಕ್ಲಿನ್, ಅಂದರೆ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆಸಿದ ಪುಡಿ. ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಪಾಕೀಟನ್ನೇ ತೋರಿಸಲು ಕೇಳಿ, ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಬಿದ್ದಿರುತ್ತದೆ. ಈ ಉತ್ತರ ನಿಮ್ಮ ಇಡೀ ಪ್ರಯೋಗವನ್ನು ನಿರ್ಧರಿಸುತ್ತದೆ. ತಾಮ್ರದ ಅಂಶ ತಾಗಿದಾಗ ಈ ದುಂಡಾಣು ಸಾಯದೆಯೇ, ಅಗರ್ (ದುಂಡಾಣು ಬೆಳೆಸಲು ಬಳಸುವ ಗಟ್ಟಿ ಮಾಧ್ಯಮ) ಮೇಲೆ ಬೆಳೆಯಲಾರದ ಸ್ಥಿತಿಗೆ ಹೋಗಬಲ್ಲದು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಎಲೆಯಲ್ಲಿ ಕಜ್ಜಿ ಎದ್ದು ಕಾಣುತ್ತಿದ್ದರೂ ಅಗರ್ ಸುರಿದ ತಟ್ಟೆ ಖಾಲಿ ಉಳಿದರೆ, ನಿಮ್ಮ ಕೈಚಳಕವನ್ನು ದೂರುವ ಮೊದಲು ಸಿಂಪಡಣೆಯ ದಿನಾಂಕ ನೋಡಿ. ಸಾಧ್ಯವಾದರೆ ಇತ್ತೀಚೆಗೆ ಔಷಧಿ ಬೀಳದ ಗಿಡವನ್ನೇ ಆರಿಸಿ. ಬದುವಿನಂಚಿನಲ್ಲಿ ಅಂಥ ಒಂದೆರಡು ಗಿಡ ಇದ್ದೇ ಇರುತ್ತವೆ.

ಕಿತ್ತ ಎಲೆಗಳನ್ನು ಒರೆಸು ಕಾಗದದ ಮಡಿಕೆಯಲ್ಲಿಟ್ಟು, ಅದನ್ನು ಕವರಿನಲ್ಲಿ ಹಾಕಿ. ಬರಿಯ ಪ್ಲಾಸ್ಟಿಕ್ಕಿನಲ್ಲಿ ತುಂಬಿದರೆ ಬೆವೆತು ಕೊಳೆಯುತ್ತದೆ. ಐಸ್ ಪೆಟ್ಟಿಗೆಯಲ್ಲಿಡಿ, ಆದರೆ ಐಸು ಎಲೆಗೆ ನೇರವಾಗಿ ತಾಗದಿರಲಿ. ಊರು, ತಳಿ, ಗಿಡದ ವಯಸ್ಸು, ದಿನಾಂಕ, ಕೊನೆಯ ಸಿಂಪಡಣೆ, ಇಷ್ಟನ್ನೂ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಒಳಗಿರಲಿ. ಪೆನ್ನಿನ ಶಾಯಿ ತೇವಕ್ಕೆ ಹರಡಿಬಿಡುತ್ತದೆ.

ಮೊದಲು ಸೂಕ್ಷ್ಮದರ್ಶಕ

ಮಾಧ್ಯಮ ಸಿದ್ಧವಿದ್ದರೂ ಆತುರ ಬೇಡ. ಎಳೆಯ ಗಾಯವೊಂದರ ಅಂಚಿನಿಂದ, ಅರ್ಧ ರೋಗದ ಭಾಗ ಅರ್ಧ ಆರೋಗ್ಯದ ಭಾಗ ಬರುವಂತೆ, ಎರಡು ಮೂರು ಮಿಲಿಮೀಟರ್ ತುಂಡು ಕತ್ತರಿಸಿ. ಗಾಜಿನ ಪಟ್ಟಿಯ ಮೇಲೆ ಶುದ್ಧ ನೀರಿನ ಒಂದು ಹನಿ ಇಟ್ಟು ತುಂಡನ್ನು ಅದರಲ್ಲಿಡಿ, ಕವರ್‌ಸ್ಲಿಪ್ ಮುಚ್ಚಿ, ಬೆಳಕನ್ನು ತಗ್ಗಿಸಿ 100 ಪಟ್ಟು ಹಿಗ್ಗಿಸಿ ನೋಡಿ. ಕತ್ತರಿಸಿದ ಅಂಚಿನಿಂದ ಬೂದು ಬಣ್ಣದ ಮಂಜು ಸಣ್ಣ ಸಣ್ಣ ಎಳೆಯಾಗಿ ಹೊರಗೆ ಹರಿಯುತ್ತದೆ. ಒಂದೆರಡು ನಿಮಿಷದಲ್ಲಿ ಅದು ದಟ್ಟವಾಗುತ್ತದೆ. 400ಕ್ಕೆ ಏರಿಸಿದರೆ ಆ ಮಂಜು ಲಕ್ಷಾಂತರ ಕಡ್ಡಿಗಳಾಗಿ ಒಡೆಯುತ್ತದೆ, ಒಂದೊಂದೂ ಚಡಪಡಿಸುತ್ತಿರುತ್ತದೆ. ಈ ದುಂಡಾಣುವಿಗೆ ಒಂದು ತುದಿಯಲ್ಲಿ ಒಂದೇ ಬಾಲ, ಅದರ ಬಲದಿಂದ ಈಜುತ್ತದೆ. ಪ್ರತಿ ತಂಡದ ವಿದ್ಯಾರ್ಥಿಗಳಿಗೂ ನಾನು ಇದನ್ನು ಮೊದಲು ತೋರಿಸುತ್ತೇನೆ. ಪುಸ್ತಕದ ಪದವಾಗಿದ್ದ ರೋಗಾಣು ಆ ಗಳಿಗೆಯಿಂದ ಅವರಿಗೆ ಜೀವಿಯಾಗುತ್ತದೆ.

ಹರಿವು ಕಾಣಲಿಲ್ಲವೆಂದರೆ ಆ ಗಾಯದಿಂದ ಬೇರ್ಪಡಿಸಲು ಹೋಗಬೇಡಿ, ಬೇರೆ ಗಾಯ ಆರಿಸಿ. ಅರ್ಧ ದಿನದ ಶ್ರಮ ಇಲ್ಲಿಯೇ ಉಳಿಯುತ್ತದೆ.

ಬೇರ್ಪಡಿಸುವುದು

ಮಾಧ್ಯಮಕ್ಕೆ ನ್ಯೂಟ್ರಿಯೆಂಟ್ ಅಗರ್ ಸಾಕು. ಲೀಟರ್ ನೀರಿಗೆ ಪೆಪ್ಟೋನ್ 5 ಗ್ರಾಂ, ಬೀಫ್ ಎಕ್ಸ್‌ಟ್ರ್ಯಾಕ್ಟ್ 3 ಗ್ರಾಂ, ಉಪ್ಪು 5 ಗ್ರಾಂ, ಅಗರ್ 15 ಗ್ರಾಂ, ಪಿಎಚ್ 7ರ ಆಸುಪಾಸು. 121 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿಟ್ಟು ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲಿ. ತಟ್ಟೆಗಳಿಗೆ ಹಿಂದಿನ ದಿನವೇ ಸುರಿದು ಮೇಲ್ಮೈ ಆರಲು ಬಿಡಿ. ಒದ್ದೆ ತಟ್ಟೆಯ ಮೇಲೆ ಗೆರೆ ಎಳೆದರೆ ದುಂಡಾಣು ಹರಡಿಕೊಂಡು ಒಂದಕ್ಕೊಂದು ಸೇರಿಬಿಡುತ್ತದೆ, ಬಿಡಿ ಕಾಲೊನಿ (ದುಂಡಾಣು ಬೆಳೆದು ಕಣ್ಣಿಗೆ ಕಾಣುವ ಚುಕ್ಕೆ) ಸಿಗುವುದೇ ಇಲ್ಲ.

ಎಲೆಯನ್ನು ನಲ್ಲಿ ನೀರಿನಲ್ಲಿ ತೊಳೆದು ಒರೆಸಿ. ಮೇಲೆ ಹೇಳಿದಂತೆ ಅಂಚಿನ ತುಂಡುಗಳನ್ನು ಕತ್ತರಿಸಿ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಒಂದು ನಿಮಿಷ ಅದ್ದಿ, ನಂತರ ನಿರ್ಜೀವೀಕರಿಸಿದ ನೀರಿನಲ್ಲಿ ಮೂರು ಸಲ ತೊಳೆಯಿರಿ. ಒಂದು ನಿಮಿಷ ಎಂದರೆ ಗಡಿಯಾರ ನೋಡಿ ಒಂದೇ ನಿಮಿಷ. ಲಿಂಬೆಯ ಎಳೆ ಎಲೆ ತೆಳ್ಳಗಿರುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಒಳಗಿನದೂ ಸಾಯುತ್ತದೆ. ತೊಳೆದ ತುಂಡುಗಳನ್ನು ಒಂದೆರಡು ಹನಿ ಶುದ್ಧ ನೀರಿನಲ್ಲಿ ಬ್ಲೇಡಿನಿಂದ ಸಣ್ಣಗೆ ಹೆಚ್ಚಿ, ಹತ್ತು ಹದಿನೈದು ನಿಮಿಷ ಹಾಗೇ ಬಿಡಿ. ಅರೆಯುವ ಗಡಿಬಿಡಿಗಿಂತ ಈ ಕಾಯುವಿಕೆ ಹೆಚ್ಚು ಕೆಲಸ ಮಾಡುತ್ತದೆ, ದುಂಡಾಣು ತಾನಾಗಿ ನೀರಿಗೆ ಇಳಿಯುತ್ತದೆ. ಆ ನೀರನ್ನು ತುದಿಯಲ್ಲಿ ಉಂಗುರವಿರುವ ತಂತಿ, ಅಂದರೆ ಲೂಪ್‌ನಲ್ಲಿ ತೆಗೆದು ತಟ್ಟೆಯ ಮೇಲೆ ನಾಲ್ಕು ದಿಕ್ಕಿಗೆ ಗೆರೆ ಎಳೆಯಿರಿ, ಪ್ರತಿ ದಿಕ್ಕಿಗೂ ಲೂಪ್ ಕಾಯಿಸಿ ಆರಿಸಿಕೊಳ್ಳಿ. ತಟ್ಟೆ ಮಗುಚಿ 28 ಡಿಗ್ರಿಯಲ್ಲಿ ಇಡಿ. ಬೇಸಿಗೆಯಲ್ಲಿ ಕೋಣೆಯ ಉಷ್ಣತೆಯನ್ನು ನಂಬಬೇಡಿ, ವಿಜಯಪುರದ ಮೇ ತಿಂಗಳ ಕೋಣೆ ಈ ದುಂಡಾಣುವಿಗೆ ಅತಿ ಬಿಸಿ.

ಮರುದಿನ ಬೆಳಿಗ್ಗೆ ತಟ್ಟೆ ತೆರೆದಾಗ ಹಳದಿ ಕಾಲೊನಿ ಕಂಡರೆ ಖುಷಿಪಡಬೇಡಿ. 24 ಗಂಟೆಯೊಳಗೆ ದಪ್ಪಗೆ ಬೆಳೆದ ಹಳದಿ ಬಹುಮಟ್ಟಿಗೆ ಪ್ಯಾಂಟೋಯಿಯಾ ಜಾತಿಯದು. ಎಲೆಯ ಮೇಲೆ ಸುಮ್ಮನೆ ವಾಸಿಸುವ ಜೀವಿ, ಲಿಂಬೆ ಎಲೆಯಲ್ಲಿ ಬೇಕಾದಷ್ಟಿರುತ್ತದೆ. ಕಜ್ಜಿಯ ದುಂಡಾಣು ನಿಧಾನಿ. ಎರಡನೆಯ ದಿನದ ಕೊನೆಗೆ ಸೂಜಿಮೊನೆಯಷ್ಟು ಕಾಣಿಸಿ, ಮೂರು ನಾಲ್ಕನೆಯ ದಿನಕ್ಕೆ ದುಂಡಗೆ, ಉಬ್ಬಿ, ಹೊಳೆಯುತ್ತ, ಲೋಳೆಲೋಳೆಯಾಗಿ, ತಿಳಿ ಹಳದಿ ಬಣ್ಣಕ್ಕೆ ಬರುತ್ತದೆ. ಲೋಳೆಗೆ ಕಾರಣ ಕ್ಸಾಂಥನ್ ಎಂಬ ಅಂಟು, ಹಳದಿಗೆ ಕ್ಸಾಂಥೊಮೊನಾಡಿನ್ ಎಂಬ ವರ್ಣದ್ರವ್ಯ. ಹಾಗಾಗಿ ಮೊದಲ ದಿನ ಬಂದ ಕಾಲೊನಿಗಳ ಸುತ್ತ ತಟ್ಟೆಯ ಹಿಂಬದಿಯಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ಗುರುತು ಬೀಳದ ಜಾಗದಲ್ಲಿ ಆಮೇಲೆ ಏಳುವ ಹಳದಿಯನ್ನು ಮಾತ್ರ ಎತ್ತಿಕೊಳ್ಳಿ. ಇದಕ್ಕಿಂತ ಸರಳವಾದ ಜರಡಿ ನನಗೆ ಬೇರೆ ಸಿಕ್ಕಿಲ್ಲ.

ಎತ್ತಿದ್ದನ್ನು ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್, ಡೆಕ್ಸ್‌ಟ್ರೋಸ್, ಸುಣ್ಣದ ಕಾರ್ಬೊನೇಟ್ ಇರುವ ವೈಡಿಸಿ ಅಗರ್ ಮೇಲೆ ಎಳೆಯಿರಿ. ಸಕ್ಕರೆ ಸಿಕ್ಕಾಗ ಕ್ಸಾಂಥೊಮೊನಾಸ್‌ನ ಲೋಳೆ ಇನ್ನೂ ಹೆಚ್ಚಿ ಗಾಢ ಹಳದಿಯಾಗುತ್ತದೆ. ಕಾರ್ಬೊನೇಟ್ ತಳಕ್ಕೆ ಕೂರುತ್ತದೆ, ಅದಕ್ಕೇ ಸುರಿಯುವ ಮುನ್ನ ಫ್ಲಾಸ್ಕನ್ನು ಗುಳ್ಳೆ ಏಳದಂತೆ ತಿರುಗಿಸುತ್ತಿರಬೇಕು. ಬಿಡಿ ಕಾಲೊನಿಯಿಂದ ಬಿಡಿ ಕಾಲೊನಿಗೆ ಮೂರು ಸಲ ದಾಟಿಸಿದ ಮೇಲೆ ಶುದ್ಧ ಎಂದು ಬರೆದುಕೊಳ್ಳಿ.

ಮುಂದಿನ ಪರೀಕ್ಷೆಗಳು ಯಾವ ಪ್ರಾಯೋಗಿಕ ಕೈಪಿಡಿಯಲ್ಲಾದರೂ ಇವೆ, ಬೇಗ ಹೇಳಿ ಮುಗಿಸುತ್ತೇನೆ. ಶೇ. 3ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಕಾಲೊನಿಯನ್ನು ಕಲಸಿ ಲೂಪ್ ಎತ್ತಿದರೆ ಒಂದೆಳೆ ಪಾಕದ ಹಾಗೆ ಎಳೆ ಬರಬೇಕು. ಬಂದರೆ ಗ್ರಾಂ ನೆಗೆಟಿವ್, ಅಂದರೆ ಕ್ಸಾಂಥೊಮೊನಾಸ್ ಸೇರುವ ದೊಡ್ಡ ಗುಂಪಿನದು. ಪಿಷ್ಟದ ಅಗರ್ ಮೇಲೆ ಬೆಳೆಸಿ ಅಯೋಡಿನ್ ಸುರಿದರೆ ಸುತ್ತ ತಿಳಿ ವಲಯ ಕಾಣಬೇಕು. ಕ್ಯಾಟಲೇಸ್ ಪರೀಕ್ಷೆಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಗುಳ್ಳೆ ಬರಬೇಕು. ಗ್ಲುಕೋಸ್ ಇರುವ, ಹುಳಿ ಹುಟ್ಟಿದರೆ ಹಳದಿಗೆ ತಿರುಗುವ ಹ್ಯೂ ಮತ್ತು ಲೀಫ್‌ಸನ್ ಮಾಧ್ಯಮದಲ್ಲಿ ಗಾಳಿಯಾಡುವ ಕೊಳವೆ ಮಾತ್ರ ನಿಧಾನವಾಗಿ ಹಳದಿಯಾಗಬೇಕು. ಮೇಲೆ ಪ್ಯಾರಾಫಿನ್ ಸುರಿದು ಮುಚ್ಚಿದ ಕೊಳವೆಯೂ ಹಳದಿಯಾದರೆ ನಿಮ್ಮ ಕೈಯಲ್ಲಿರುವುದು ಗ್ಲುಕೋಸನ್ನು ಹುಳಿಸುವ ಪ್ಯಾಂಟೋಯಿಯಾದಂಥ ಜೀವಿ.

ಮತ್ತೆ ಎಲೆಗೆ

ಎಲ್ಲ ಪರೀಕ್ಷೆಗಳೂ ಸರಿಬಂದವು ಎಂದುಕೊಳ್ಳಿ. ಆಗಲೂ ಇದು ಕ್ಸಾಂಥೊಮೊನಾಸ್ ಎಂದಷ್ಟೇ ಹೇಳಬಹುದು. ರೋಗ ತರದ ಕ್ಸಾಂಥೊಮೊನಾಸ್‌ಗಳೂ ಲಿಂಬೆ ಎಲೆಯ ಮೇಲೆ ಇರುತ್ತವೆ. ಹೆಸರಿಡುವ ಅಧಿಕಾರ ಎಲೆಗೇ ಸೇರಿದ್ದು ಎಂಬುದು ನನ್ನ ಗಟ್ಟಿ ನಂಬಿಕೆ. ಈ ಹಂತ ಬಿಟ್ಟು ಬರೆದ ಪ್ರಬಂಧಕ್ಕೆ ನಾನು ಸಹಿ ಹಾಕುವುದಿಲ್ಲ.

ಕುಂಡದಲ್ಲಿ ಬೆಳೆಸಿದ, ಆರೋಗ್ಯವಾಗಿರುವ ಕಾಗಜಿ ಲಿಂಬೆ ಸಸಿಗಳು ಬೇಕು. ಬಲಿತ ಎಲೆಗೆ ಚುಚ್ಚಿ ಕಾದರೆ ಪ್ರಯೋಜನವಿಲ್ಲ. ಪೂರ್ಣ ಅಳತೆಯ ಅರ್ಧದಿಂದ ಮೂರರಲ್ಲಿ ಎರಡು ಪಾಲು ಅಗಲಿಸಿದ, ಇನ್ನೂ ತಿಳಿ ಹಸಿರಾಗಿರುವ ಎಲೆಯನ್ನೇ ಹಿಡಿಯಬೇಕು. ಚಿಗುರು ಬೇಕೆಂದರೆ ಸಸಿಯನ್ನು ಮೂರು ವಾರ ಮೊದಲೇ ಸವರಿ ಇಡಿ. ಎರಡು ದಿನದ ಬೆಳವಣಿಗೆಯನ್ನು ಶುದ್ಧ ನೀರಿನಲ್ಲಿ ಕದಡಿ, ಮಿಲಿಲೀಟರಿಗೆ ಸುಮಾರು ಹತ್ತು ಕೋಟಿ ಜೀವಕೋಶ ಬರುವಂತೆ ಹದ ಮಾಡಿ. ದ್ರವ ಎಷ್ಟು ಕದಡಿದೆ ಎಂದು ಬೆಳಕಿನಿಂದ ಅಳೆಯುವ ಉಪಕರಣದಲ್ಲಿ 600 ನ್ಯಾನೋಮೀಟರಿಗೆ ಓದಿದ ಸಂಖ್ಯೆಗೆ ಎಷ್ಟು ಜೀವಕೋಶ ಎಂಬುದನ್ನು ಬೇರೆಯವರ ಪ್ರಬಂಧದಿಂದ ಎತ್ತಬೇಡಿ, ನಿಮ್ಮ ಉಪಕರಣದಲ್ಲೇ ಒಮ್ಮೆ ತಟ್ಟೆಯ ಮೇಲೆ ಎಣಿಸಿ ಹೊಂದಿಸಿಕೊಳ್ಳಿ. ಸೂಜಿ ತೆಗೆದ ಸಿರಿಂಜಿನ ಮೂತಿಯನ್ನು ಎಲೆಯ ಕೆಳಬದಿಗೆ ಒತ್ತಿ, ಮೇಲಿನಿಂದ ಬೆರಳು ಆನಿಸಿ ಮೆಲ್ಲಗೆ ತಳ್ಳಿ. ದ್ರವ ಒಳಗೆ ಹರಡಿದ ಜಾಗ ಕಪ್ಪು ಹಸಿರಾಗಿ ಕಾಣುತ್ತದೆ. ನಡುನರದ ಒಂದು ಬದಿಗೆ ದುಂಡಾಣು, ಅದೇ ಎಲೆಯ ಇನ್ನೊಂದು ಬದಿಗೆ ಬರಿ ಶುದ್ಧ ನೀರು. ಸಿರಿಂಜ್ ಬದಲಿಸಲು ಮರೆಯಬೇಡಿ.

ಆರಂಭದ ಒಂದೆರಡು ದಿನ ಏನೂ ಕಾಣದು. ಆಮೇಲೆ ನೀರು ಇಳಿದಂಥ ಕಲೆ ಮರಳಿ ಬರುತ್ತದೆ, ವಾರದ ಹೊತ್ತಿಗೆ ಬಿಳಿಚಿದ ಗುಳ್ಳೆಗಳು ಎದ್ದು, ಮುಂದಿನ ವಾರ ಎಲೆಯ ಪೊರೆ ಸೀಳಿ ಒರಟು ಕಜ್ಜಿಯಾಗುತ್ತವೆ. ಹೀಗೆ ಎಲೆ ಉಬ್ಬುವುದರ ಹಿಂದೆ ಒಂದು ಚಂದದ ಸಂಶೋಧನೆಯ ಸಾಲೇ ಇದೆ. ದುಂಡಾಣು ಪಿಟಿಎಚ್‌ಎ ಕುಟುಂಬದ ಪ್ರೋಟೀನನ್ನು ಎಲೆಯ ಜೀವಕೋಶಕ್ಕೆ ಚುಚ್ಚುತ್ತದೆ. ಅದು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ, ಗಿಡದ್ದೇ ಆದ ಎಲ್‌ಒಬಿ1 ಎಂಬ ವಂಶವಾಹಿಯನ್ನು ಚಾಲೂ ಮಾಡುತ್ತದೆ. ಆಗ ಜೀವಕೋಶಗಳು ಮಿತಿಮೀರಿ ಬೆಳೆದು ಎಲೆಯ ಮೈ ಬಿರಿಯುತ್ತದೆ, ದುಂಡಾಣು ಮಳೆಹನಿಗೆ ಕಾದು ಹೊರಗೆ ಬರುತ್ತದೆ. ಆ ವಂಶವಾಹಿಯ ಸ್ವಿಚ್ಚನ್ನೇ ಕ್ರಿಸ್ಪರ್ ತಂತ್ರದಿಂದ ತಿದ್ದಿ ಫ್ಲೋರಿಡಾದಲ್ಲಿ ಗ್ರೇಪ್‌ಫ್ರೂಟ್, ಚೀನಾದಲ್ಲಿ ಕಿತ್ತಳೆ ಗಿಡಗಳು ರೋಗ ತಡೆಯುವಂತೆ ಮಾಡಿದ್ದಾರೆ. ಫ್ಲೋರಿಡಾದಲ್ಲಿ ಇದರ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಲು ಕಾರಣವಿದೆ. ರೋಗ ನಿರ್ಮೂಲ ಮಾಡಲೆಂದು ಅಲ್ಲಿ 1.6 ಕೋಟಿಗೂ ಹೆಚ್ಚು ಮರ ಕಡಿದರು. 2004, 2005ರ ಚಂಡಮಾರುತಗಳು ರೋಗವನ್ನು ಎಲ್ಲೆಡೆ ಚೆಲ್ಲಿದ ಮೇಲೆ, 2006ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು.

ಕಜ್ಜಿ ಎದ್ದ ಎಲೆಯಿಂದ ದುಂಡಾಣುವನ್ನು ಮತ್ತೆ ಬೇರ್ಪಡಿಸಿ, ಮೊದಲಿನದಕ್ಕೆ ಹೋಲಿಸಿ. ಒಂದು ಜೀವಿಯೇ ರೋಗಕ್ಕೆ ಕಾರಣ ಎಂದು ಸಾಬೀತು ಮಾಡುವ ಕಾಕ್ ನಿಯಮಗಳು ಇಲ್ಲಿಗೆ ಮುಗಿಯುತ್ತವೆ.

ನಮ್ಮ ಭಾಗದವರು ಇನ್ನೊಂದು ಹೆಜ್ಜೆ ಇಡಬೇಕೆಂಬುದು ನನ್ನ ಒತ್ತಾಯ. ಅದೇ ದ್ರವವನ್ನು ಗ್ರೇಪ್‌ಫ್ರೂಟ್ ಎಲೆಗೂ, ಜೊತೆಗೆ ಮೋಸಂಬಿಗೂ ಚುಚ್ಚಿ ನೋಡಿ. ಈ ದುಂಡಾಣುವಿನಲ್ಲಿ ಎ ಗುಂಪು ಬಹುತೇಕ ಎಲ್ಲ ನಿಂಬೆ ಜಾತಿಯ ಗಿಡಗಳಿಗೂ ಹತ್ತುತ್ತದೆ. ಎ ಸ್ಟಾರ್ ಎಂಬ ಗುಂಪು ತೋಟದಲ್ಲಿ ಮುಖ್ಯವಾಗಿ ಕಾಗಜಿ ಲಿಂಬೆಗೆ ಅಂಟಿಕೊಂಡಿದೆ, ಗ್ರೇಪ್‌ಫ್ರೂಟ್ ಎಲೆಗೆ ಚುಚ್ಚಿದರೆ ಪೊರೆ ಸೀಳದೆ ನೀರುಗುಳ್ಳೆಯಷ್ಟೇ ಏಳುತ್ತದೆ. ಈ ಗುಂಪನ್ನು 1998ರಲ್ಲಿ ನೈಋತ್ಯ ಏಷ್ಯಾದ ಲಿಂಬೆ ಮರಗಳಿಂದ ವಿವರಿಸಿದರು, ಭಾರತದಿಂದಲೂ ದಾಖಲಾಗಿದೆ. ಇಂಡಿಯಂತೆ ಊರಿಗೆ ಊರೇ ಕಾಗಜಿ ಲಿಂಬೆ ಇರುವಲ್ಲಿ ಯಾವ ತೋಟದಲ್ಲಿ ಯಾವುದಿದೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಈಗ ಪಿಸಿಆರ್. ಜೆ-ಪಿಟಿಎಚ್1 ಮತ್ತು 2 ಎಂಬ ಪ್ರೈಮರ್ (ಹಿಡಿಯಬೇಕಾದ ಭಾಗವನ್ನು ಗುರುತಿಸುವ ಚಿಕ್ಕ ಡಿಎನ್‌ಎ ತುಣುಕು) ಜೋಡಿ ಪಿಟಿಎಚ್‌ಎ ವಂಶವಾಹಿಯ ಭಾಗವನ್ನೇ ಹಿಡಿಯುತ್ತದೆ, 198 ಬೇಸ್ ಜೋಡಿಯ ಪಟ್ಟಿ ಕೊಡುತ್ತದೆ. ಎಲೆಯ ಮೇಲೆ ಕಜ್ಜಿ ತಂದದ್ದು ಖಚಿತವಾಗಿರುವ ನಿಮ್ಮದೇ ಮಾದರಿಯನ್ನು ಹೋಲಿಕೆಗೆ ಇಟ್ಟುಕೊಳ್ಳಿ, ನೀರಿನ ಕೊಳವೆಯೂ ಜೊತೆಗಿರಲಿ. ಜೀನೋಮ್ ಮಟ್ಟಕ್ಕೆ ಹೋಗುವವರಿಗೆ 2002ರಲ್ಲಿ ಬ್ರೆಜಿಲ್ಲಿನ ವಿಜ್ಞಾನಿಗಳು ಓದಿದ 306 ಎಂಬ ತಳಿಯ ಜೀನೋಮ್ ಆಧಾರ.

ರೈತರಿಗೆ ನೇರ ಉಪಯೋಗವಾಗುವ ಪರೀಕ್ಷೆ ತಾಮ್ರದ್ದು. ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಅಗರ್ ಮೇಲೆ ನಿಮ್ಮ ದುಂಡಾಣುವಿನ ಹನಿ ಇಟ್ಟು, ಎಷ್ಟರವರೆಗೆ ಬೆಳೆಯುತ್ತದೆ ನೋಡಿ. ಅರ್ಜೆಂಟೀನಾದಲ್ಲಿ 1990ರ ದಶಕದಲ್ಲೇ ತಾಮ್ರಕ್ಕೆ ಜಗ್ಗದ ತಳಿಗಳು ಸಿಕ್ಕಿವೆ. ಸ್ಟ್ರೆಪ್ಟೋಮೈಸಿನ್‌ಗೂ ಹೀಗೇ ಮಾಡಿ. ಫಲಿತಾಂಶ ಬಂದ ಮೇಲೆ ಎಲೆ ಕೊಟ್ಟ ಕಾಕಾಗೆ ಫೋನ್ ಮಾಡಿ ಹೇಳಿ, ಆ ಸಣ್ಣ ಪಾಕೀಟಿಗೆ ಅವರು ಹಣ ಸುರಿಯುತ್ತಿದ್ದಾರೆ.

ಶುದ್ಧ ಮಾದರಿಗಳನ್ನು ಶೇ. 20ರಿಂದ 30ರ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಯಲ್ಲಿಡಿ, ಒಂದೇ ಫ್ರೀಜರಿನಲ್ಲಿ ಎಲ್ಲವನ್ನೂ ಇಡಬೇಡಿ. ಕರೆಂಟು ಹೋಗುವ ಊರಿನಲ್ಲಿ, ನಿರ್ಜೀವೀಕರಿಸಿದ ನೀರಿನಲ್ಲಿ ಕದಡಿ ಮುಚ್ಚಳ ಬಿಗಿದ ಶೀಶೆಗಳನ್ನೂ ಒಂದು ಜೊತೆ ಇಟ್ಟುಕೊಳ್ಳುವುದು ಕ್ಷೇಮ. ಆಗಾಗ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಲೇ ಹೋದರೆ ರೋಗ ತರುವ ಶಕ್ತಿ ಕುಗ್ಗಬಹುದು. ಅದಕ್ಕೇ ಹೊಸ ಪ್ರಯೋಗಕ್ಕೆ ಮುನ್ನ ಒಮ್ಮೆ ಎಲೆಗೆ ಹಾಯಿಸಿ ತೆಗೆಯಿರಿ. ಚುಚ್ಚಿದ ಸಸಿಗಳನ್ನೂ, ಹಳೆಯ ತಟ್ಟೆಗಳನ್ನೂ, ಕೈಗವಸನ್ನೂ ಆಟೋಕ್ಲೇವ್ ಮಾಡಿದ ಮೇಲೆಯೇ ಹೊರಗೆ ಹಾಕಿ. ಕುಂಡದ ಸಸಿ ಚೆನ್ನಾಗಿದೆಯೆಂದು ಮನೆಯ ಹಿತ್ತಲಿಗೆ ಒಯ್ಯಲು ಯಾರಿಗೂ ಕೊಡಬೇಡಿ.